ಫಾಸ್ಟ್ ಫುಡ್ ಸರಣಿಗಳು ಬದಲಿಸಿದ್ದು ನಾಲಿಗೆಯನ್ನೋ, ಅಡುಗೆಮನೆಯನ್ನೋ?

ಪ್ರಶ್ನೆ: ನಮ್ಮ ದಾವಣಗೆರೆಯಂಥ ಊರಿಗೂ ಬರ್ಗರ್, ಪಿಜ್ಜಾ, ಕರಿದ ಕೋಳಿ ಮಾರುವ ವಿದೇಶಿ ಸರಣಿಗಳ ಮಳಿಗೆಗಳು ಬಂದಿವೆ. ಮಕ್ಕಳು ಹುಟ್ಟುಹಬ್ಬವೂ ಅಲ್ಲೇ ಆಗಬೇಕೆಂದು ಹಟ ಹಿಡಿಯುತ್ತಾರೆ. ಹೀಗೇ ಮುಂದುವರಿದರೆ ಜಗತ್ತಿನ ಊಟದ ಸಂಸ್ಕೃತಿಗಳೆಲ್ಲ ಒಂದೇ ಆಗಿಬಿಡುತ್ತವೆಯೇ? ಬೇರೆ ದೇಶಗಳಲ್ಲಿ ಏನಾಗಿದೆ? ಇದನ್ನು ತಡೆಯಲು ಯಾರಿಗಾದರೂ ಸಾಧ್ಯವಾಗಿದೆಯೇ?

ಉತ್ತರ: ನಿಮ್ಮ ಆತಂಕಕ್ಕೆ ಆಧಾರವಿದೆ. ಆದರೆ ಯಾವುದರ ಬಗ್ಗೆ ಆತಂಕಪಡಬೇಕು ಎಂಬಲ್ಲಿ ನನ್ನ ನಿಲುವು ಸ್ವಲ್ಪ ಬೇರೆ. ಈ ಸರಣಿಗಳ ಮಾತು ಬಂದಾಗಲೆಲ್ಲ ನಮ್ಮ ಗಮನ ತಟ್ಟೆಯಲ್ಲಿರುವ ತಿನಿಸಿನ ಕಡೆಗೇ ಹೋಗುತ್ತದೆ: ರೊಟ್ಟಿ ಹೋಗಿ ಬರ್ಗರ್ ಬಂತು, ಮಂಡಕ್ಕಿ ಹೋಗಿ ಫ್ರೈಸ್ ಬಂತು ಎಂದು ಹಳಹಳಿಸುತ್ತೇವೆ. ಏಳು ದಶಕಗಳ ಚರಿತ್ರೆಯನ್ನು ನೋಡಿದರೆ, ಈ ಕಂಪನಿಗಳು ಹೋದ ಹೋದ ದೇಶದ ನಾಲಿಗೆಗೆ ತಾವೇ ಹೊಂದಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಅವು ಎಲ್ಲಿಯೂ ಬಿಟ್ಟುಕೊಡದೆ ಇರುವುದು ತಮ್ಮ ಕೆಲಸದ ಪದ್ಧತಿಯನ್ನು. ಅಡುಗೆ ಮಾಡುವವನ ಕೈ, ಆಲೂಗಡ್ಡೆ ಬೆಳೆಯುವ ಹೊಲ, ಕೋಳಿ ಸಾಕುವ ಶೆಡ್ಡು, ಮನೆಯಲ್ಲಿ ಮಗುವಿನ ಮಾತಿಗಿರುವ ತೂಕ, ಇವೆಲ್ಲವನ್ನೂ ಆ ಪದ್ಧತಿ ಬದಲಿಸಿದೆ. ಆ ಬದಲಾವಣೆ ಕಣ್ಣಿಗೆ ಬೀಳುವುದು ಕಡಿಮೆ, ಆಳ ಹೆಚ್ಚು.

ಪದ್ಧತಿ ಎಂದರೇನೆಂದು ತಿಳಿಯಲು ಅದು ಹುಟ್ಟಿದ ಜಾಗಕ್ಕೇ ಹೋಗಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ರಿಚರ್ಡ್ ಮತ್ತು ಮಾರಿಸ್ ಮ್ಯಾಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರು 1940ರಿಂದ ಒಂದು ಹೋಟೆಲು ನಡೆಸುತ್ತಿದ್ದರು. ಕಾರಿನಲ್ಲೇ ಕುಳಿತ ಗಿರಾಕಿಗಳಿಗೆ ಹುಡುಗಿಯರು ತಿಂಡಿ ತಂದುಕೊಡುವ ಏರ್ಪಾಡು ಅಲ್ಲಿತ್ತು, ವ್ಯಾಪಾರವೂ ಚೆನ್ನಾಗಿತ್ತು. 1948ರಲ್ಲಿ ಅದನ್ನು ಕೆಲವು ತಿಂಗಳು ಮುಚ್ಚಿ ಮತ್ತೆ ತೆರೆದಾಗ ತಂದುಕೊಡುವವರು ಇರಲಿಲ್ಲ, ಪಿಂಗಾಣಿ ತಟ್ಟೆ, ಚಮಚಗಳೂ ಇರಲಿಲ್ಲ. ಉದ್ದನೆಯ ಪಟ್ಟಿಯಲ್ಲಿ ಒಂಬತ್ತೇ ಬಾಬತ್ತು ಉಳಿದಿದ್ದವು, ಹ್ಯಾಂಬರ್ಗರ್ ಬೆಲೆ 15 ಸೆಂಟಿಗೆ ಇಳಿದಿತ್ತು. ಒಬ್ಬನ ಕೆಲಸ ಮಾಂಸದ ಬಿಲ್ಲೆ ಬೇಯಿಸುವುದು ಮಾತ್ರ, ಇನ್ನೊಬ್ಬನದು ಬನ್ನಿಗೆ ಈರುಳ್ಳಿ, ಸಾಸಿವೆ ಹಚ್ಚುವುದು ಮಾತ್ರ, ಮತ್ತೊಬ್ಬನದು ಫ್ರೈಸ್ ಕರಿಯುವುದು ಮಾತ್ರ. ಮುಂದೆ ಹೊಸ ಕಟ್ಟಡ ಕಟ್ಟುವಾಗ ಅವರು ಮನೆಯ ಟೆನಿಸ್ ಅಂಗಳದ ಮೇಲೆ ಸೀಮೆಸುಣ್ಣದಿಂದ ಅಡುಗೆಮನೆಯ ನಕ್ಷೆ ಬರೆದು, ಕೆಲಸಗಾರರನ್ನು ಅದರೊಳಗೆ ನಿಲ್ಲಿಸಿ, ಒಲೆಯೂ ಇಲ್ಲದೆ ಮಾಂಸವೂ ಇಲ್ಲದೆ ಬರ್ಗರ್ ಮಾಡುವಂತೆ ಕೈಕಾಲು ಆಡಿಸಲು ಹೇಳಿದರು. ಯಾರು ಯಾರಿಗೆ ಡಿಕ್ಕಿ ಹೊಡೆಯುತ್ತಾರೆ, ಎಲ್ಲಿ ಒಂದು ಹೆಜ್ಜೆ ಉಳಿಸಬಹುದು ಎಂದು ನೋಡಿ, ಸಲಕರಣೆಗಳ ಜಾಗವನ್ನು ಅದರಂತೆ ಗೊತ್ತು ಮಾಡಿದರು.

ಅಡುಗೆ ಎಂಬ ಕಸುಬು ಕಾರ್ಖಾನೆಯ ಕೆಲಸವಾಗಿ ಬದಲಾದದ್ದು ಆ ಅಂಗಳದಲ್ಲಿ. ಮಿಲ್ಕ್‌ಶೇಕ್ ಯಂತ್ರ ಮಾರುತ್ತಿದ್ದ ರೇ ಕ್ರಾಕ್ 1954ರಲ್ಲಿ ಇದನ್ನು ಕಂಡು, ಮರುವರ್ಷ ಇಲಿನಾಯ್‌ನ ಡೆಸ್ ಪ್ಲೇನ್ಸ್‌ನಲ್ಲಿ ತನ್ನ ಮೊದಲ ಮಳಿಗೆ ತೆರೆದ. 1961ರಲ್ಲಿ 27 ಲಕ್ಷ ಡಾಲರಿಗೆ ಆ ಸಹೋದರರಿಂದ ವ್ಯವಹಾರವನ್ನೇ ಕೊಂಡುಕೊಂಡ. ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಆ ಹೆಸರಿನ 40,000ಕ್ಕೂ ಹೆಚ್ಚು ಮಳಿಗೆಗಳಿವೆ. ನುರಿತ ಬಾಣಸಿಗನ ಅಗತ್ಯವೇ ಇಲ್ಲದಿರುವುದರಿಂದ ಅವುಗಳನ್ನು ಎಲ್ಲಿ ಬೇಕಾದರೂ ತೆರೆಯಬಹುದು, ಕೆಲವೇ ದಿನಗಳ ತರಬೇತಿ ಪಡೆದ ಹದಿಹರೆಯದವರಿಂದಲೇ ನಡೆಸಬಹುದು.

ಇಂಥ ಮಳಿಗೆ ಬೇರೆ ಸಂಸ್ಕೃತಿಯೊಳಗೆ ಕಾಲಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಜಪಾನ್ ಮತ್ತು ಹಾಂಗ್‌ಕಾಂಗ್ ಒಳ್ಳೆಯ ನಿದರ್ಶನಗಳು. ಜಪಾನಿನಲ್ಲಿ ಕ್ರೈಸ್ತರ ಸಂಖ್ಯೆ ನೂರಕ್ಕೆ ಒಬ್ಬರ ಆಸುಪಾಸು. ಆದರೂ ಅಲ್ಲಿನ ಕೆಎಫ್‌ಸಿ 1974ರಲ್ಲಿ ದೇಶದಾದ್ಯಂತ ನಡೆಸಿದ ಜಾಹೀರಾತಿನ ಬಲದಿಂದ, ಕ್ರಿಸ್‌ಮಸ್ ಸಂಜೆ ಕರಿದ ಕೋಳಿ ತಿನ್ನುವುದು ಲಕ್ಷಾಂತರ ಕುಟುಂಬಗಳ ರೂಢಿಯಾಗಿಬಿಟ್ಟಿದೆ. ವಾರಗಳ ಮುಂಚೆಯೇ ಹೆಸರು ಬರೆಸಿ ಕಾಯ್ದಿರಿಸುತ್ತಾರೆ. ಕಂಪನಿಯೊಂದು ಹಬ್ಬದ ಊಟವನ್ನೇ ಹುಟ್ಟುಹಾಕಿದ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದು ಕಷ್ಟ. ಆದರೆ ಆ ಹಬ್ಬ ಅಮೆರಿಕದ ಹಬ್ಬವೂ ಅಲ್ಲ, ಏಕೆಂದರೆ ಅಮೆರಿಕದಲ್ಲಿ ಕ್ರಿಸ್‌ಮಸ್ಸಿಗೆ ಕೆಎಫ್‌ಸಿಗೆ ಹೋಗುವ ವಾಡಿಕೆ ಇಲ್ಲ. ಜಪಾನೀಯರು ಹೊರಗಿನಿಂದ ಬಂದದ್ದನ್ನು ತೆಗೆದುಕೊಂಡು, ತಮ್ಮದೇ ಆದ, ಬೇರೆಲ್ಲೂ ಇಲ್ಲದ ಆಚರಣೆಯೊಂದನ್ನು ಕಟ್ಟಿಕೊಂಡಿದ್ದಾರೆ.

ಹಾಂಗ್‌ಕಾಂಗ್‌ನಲ್ಲಿ ಮ್ಯಾಕ್‌ಡೊನಾಲ್ಡ್ಸ್ ಬಂದದ್ದು 1975ರಲ್ಲಿ. ಅಲ್ಲಿ ದೀರ್ಘಕಾಲ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಜೇಮ್ಸ್ ವ್ಯಾಟ್ಸನ್ ಗುರುತಿಸಿದ ಸಂಗತಿಗಳು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಮೊದಮೊದಲು ಜನ ಕೌಂಟರಿನ ಮುಂದೆ ಮುಗಿಬಿದ್ದು ಹಣ ಚಾಚುತ್ತಿದ್ದರು. ಸಿಬ್ಬಂದಿ ಅವರನ್ನು ಸಾಲಿನಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿದರು. ಶೌಚಾಲಯಗಳ ಶುಚಿತ್ವವನ್ನು ಕಂಡ ಗಿರಾಕಿಗಳು ಬೇರೆ ಹೋಟೆಲುಗಳಿಂದಲೂ ಅದನ್ನೇ ನಿರೀಕ್ಷಿಸತೊಡಗಿದರು. ಇಕ್ಕಟ್ಟಿನ ಮನೆಗಳಲ್ಲಿ ಓದಲು ಜಾಗವಿಲ್ಲದ ಶಾಲಾಮಕ್ಕಳು ಮಧ್ಯಾಹ್ನದ ಹೊತ್ತು ಈ ಮಳಿಗೆಗಳಲ್ಲಿ ಪುಸ್ತಕ ಹರಡಿಕೊಂಡು ಕೂರತೊಡಗಿದರು. ಬೇಗ ತಿಂದು ಬೇಗ ಎದ್ದುಹೋಗಲೆಂದು ಕಟ್ಟಿದ ಜಾಗವನ್ನು ಅವರು ಗಂಟೆಗಟ್ಟಲೆ ಕೂರುವ ಓದುಮನೆಯಾಗಿ ಮಾಡಿಕೊಂಡರು, ಕಂಪನಿಯೂ ಅದನ್ನು ಸಹಿಸಿಕೊಂಡಿತು. ಹುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸುವ ರೂಢಿ ಅಲ್ಲಿನ ಮಕ್ಕಳಿಗೆ ಅದಕ್ಕೆ ಮುಂಚೆ ಅಷ್ಟಾಗಿ ಇರಲಿಲ್ಲ. ಕೇಕು, ಉಡುಗೊರೆ, ಗೆಳೆಯರ ಕೂಟದ ಹುಟ್ಟುಹಬ್ಬ ಜನಪ್ರಿಯವಾದದ್ದರಲ್ಲಿ ಈ ಮಳಿಗೆಗಳ ಪಾಲು ದೊಡ್ಡದು. ಏನು ತಿನ್ನಬೇಕೆಂಬುದನ್ನು ಹಿರಿಯರು ನಿರ್ಧರಿಸುತ್ತಿದ್ದ ಮನೆಗಳಲ್ಲಿ ಮಗು ತಾನೇ ಆರಿಸಿ, ತಾನೇ ಕೇಳಿ ಕೊಳ್ಳುವ ಗಿರಾಕಿಯಾಯಿತು. ನಿಮ್ಮ ಮನೆಯಲ್ಲಿ ಮಕ್ಕಳು ಹಿಡಿಯುತ್ತಿರುವ ಹಟಕ್ಕೆ ಇಷ್ಟು ಹಿಂದಿನ ಬೇರಿದೆ. ಮಕ್ಕಳನ್ನೇ ಗುರಿಯಾಗಿಟ್ಟು ಆಟಿಕೆಯೊಂದಿಗೆ ಊಟ ಮಾರುವ ಹ್ಯಾಪಿ ಮೀಲ್ ಅಮೆರಿಕದಲ್ಲಿ ಶುರುವಾದದ್ದು 1979ರಲ್ಲಿ. ಈ ಒಂದು ವಿಷಯದಲ್ಲಿ ನನಗೆ ಯಾವ ಹೊಂದಾಣಿಕೆಯ ಮನಸ್ಸೂ ಇಲ್ಲ: ಜಾಹೀರಾತೆಂದರೇನೆಂದು ತಿಳಿಯುವ ವಯಸ್ಸಿಗೆ ಮುಂಚೆಯೇ ಮಗುವನ್ನು ಗಿರಾಕಿಯಾಗಿ ಪಳಗಿಸುವುದು ತಪ್ಪು.

ಇನ್ನು ಮಾಸ್ಕೋದ ಕಥೆ. 1990ರ ಜನವರಿ 31ರಂದು ಪುಷ್ಕಿನ್ ಚೌಕದಲ್ಲಿ ಮ್ಯಾಕ್‌ಡೊನಾಲ್ಡ್ಸ್ ತೆರೆದಾಗ ಮೊದಲ ದಿನವೇ ಸುಮಾರು 30,000 ಜನ ಕೊರೆಯುವ ಚಳಿಯಲ್ಲಿ ಸಾಲು ನಿಂತು ಒಳಗೆ ಹೋದರು. ಸೋವಿಯತ್ ವ್ಯವಸ್ಥೆಯ ಕೊನೆಗಾಲದ ಸಂಕೇತವಾಗಿ ಆ ಸಾಲಿನ ಚಿತ್ರ ಎಲ್ಲ ಕಡೆ ಅಚ್ಚಾಯಿತು. ಅದಕ್ಕಿಂತ ಮುಖ್ಯವಾದದ್ದು ನಗರದ ಅಂಚಿನಲ್ಲಿ ಕಂಪನಿ ಕಟ್ಟಿಸಿದ ದೊಡ್ಡ ಸಂಸ್ಕರಣಾ ಘಟಕ. ಬೇಕಾದ ಗುಣಮಟ್ಟದ ಬನ್ನು, ಹಾಲು, ಮಾಂಸ, ಆಲೂಗಡ್ಡೆ ನಿಯಮಿತವಾಗಿ ಸಿಗುವ ಭರವಸೆ ಅಲ್ಲಿ ಇಲ್ಲದ್ದರಿಂದ ಎಲ್ಲವನ್ನೂ ತಾವೇ ತಯಾರಿಸಿಕೊಳ್ಳಬೇಕಾಯಿತು, ರೈತರಿಗೆ ಹೊರಗಿನ ತಳಿಯ ಆಲೂಗಡ್ಡೆ ಬೆಳೆಯುವುದನ್ನು ಕಲಿಸಬೇಕಾಯಿತು. ನಂತರದ ಮೂರು ದಶಕಗಳಲ್ಲಿ ರಷ್ಯಾದ ಮಳಿಗೆಗಳಿಗೆ ಬೇಕಾದ ಸರಕು ಬಹುಪಾಲು ರಷ್ಯಾದಲ್ಲೇ ತಯಾರಾಗತೊಡಗಿತು. 2022ರಲ್ಲಿ ಉಕ್ರೇನ್ ಯುದ್ಧದ ಕಾರಣದಿಂದ ಕಂಪನಿ ದೇಶ ಬಿಟ್ಟು ಹೊರಟಿತು. ಅದೇ ವರ್ಷದ ಜೂನ್ 12ರಂದು ಅದೇ ಮಳಿಗೆಗಳು ‘ಫ್ಕುಸ್ನೊ ಇ ತೋಚ್ಕಾ’ ಎಂಬ ಹೊಸ ಹೆಸರಿನಲ್ಲಿ, ಹೊಸ ರಷ್ಯನ್ ಮಾಲೀಕರ ಕೈಯಲ್ಲಿ ಬಾಗಿಲು ತೆರೆಯತೊಡಗಿದವು. ಅಡುಗೆಮನೆ ಅದೇ, ಸಿಬ್ಬಂದಿ ಅವರೇ, ಸರಬರಾಜುದಾರರೂ ಬಹುತೇಕ ಹಳಬರೇ. ಹೆಸರು, ಲಾಂಛನಗಳು ಹೋದ ಮೇಲೂ ಉಳಿದುಕೊಂಡದ್ದು ಪದ್ಧತಿ.

ಭಾರತದಲ್ಲಿ ನಡೆದದ್ದೂ ಇದೇ. 1996ರ ಅಕ್ಟೋಬರಿನಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ಮೊದಲ ಮಳಿಗೆ ತೆರೆದ ಮ್ಯಾಕ್‌ಡೊನಾಲ್ಡ್ಸ್, ಗೋಮಾಂಸವನ್ನೂ ಹಂದಿಮಾಂಸವನ್ನೂ ಸಂಪೂರ್ಣ ಕೈಬಿಟ್ಟಿತು, ಸಸ್ಯಾಹಾರಕ್ಕೆ ಪ್ರತ್ಯೇಕ ಅಡುಗೆ ಸಾಲನ್ನೂ ಪ್ರತ್ಯೇಕ ಪಾತ್ರೆಗಳನ್ನೂ ಇಟ್ಟಿತು, ಆಲೂ ಟಿಕ್ಕಿಯನ್ನು ಬನ್ನಿನ ನಡುವೆ ಸೇರಿಸಿತು. ಮೆನುವನ್ನು ನೋಡಿದವರಿಗೆ ಭಾರತ ಗೆದ್ದಿತೆಂದು ಅನ್ನಿಸಬೇಕು. ಹೊಲದ ಕಡೆ ನೋಡಿದರೆ ಚಿತ್ರ ಬೇರೆ. ಫ್ರೈಸ್ ಮಾಡಲು ಉದ್ದನೆಯ, ನೀರಿನಂಶ ಕಡಿಮೆಯಿರುವ, ಸಕ್ಕರೆಯಂಶವೂ ಕಡಿಮೆಯಿರುವ ಗಡ್ಡೆ ಬೇಕು. ಸಕ್ಕರೆ ಹೆಚ್ಚಾದರೆ ಕರಿಯುವಾಗ ಕಪ್ಪಾಗುತ್ತದೆ, ನೀರು ಹೆಚ್ಚಾದರೆ ಮೆತ್ತಗಾಗುತ್ತದೆ. ನಮ್ಮ ಪಲ್ಯ, ಸಾಗುಗಳಿಗೆ ಬೆಳೆಯುವ ಗಡ್ಡೆ ಅದಕ್ಕೆ ಒದಗುವುದಿಲ್ಲ. ಹಾಸನದ ಮುಂಗಾರು ಬೆಳೆಗಿಂತ ಭಿನ್ನವಾಗಿ, ಚಳಿಗಾಲದಲ್ಲಿ ನೀರಾವರಿಯಲ್ಲಿ ಬೆಳೆಯುವ ಉತ್ತರ ಗುಜರಾತಿನ ಹೊಲಗಳು ಅದಕ್ಕೆ ಹೊಂದಿದವು. ಮೆಹ್ಸಾಣಾದಲ್ಲಿ ಸಂಸ್ಕರಣಾ ಕಾರ್ಖಾನೆ ಬಂತು, ಒಪ್ಪಂದದ ಬೇಸಾಯ ಬಂತು, ತಳಿ, ನೀರು, ಗೊಬ್ಬರ, ಕೊಯ್ಲಿನ ದಿನ ಎಲ್ಲವೂ ಕಾರ್ಖಾನೆಯ ಅಗತ್ಯಕ್ಕೆ ತಕ್ಕಂತೆ ನಿಗದಿಯಾದವು. ರೈತರಿಗೆ ಇದರಿಂದ ನಷ್ಟವೇ ಆಯಿತೆಂದು ನಾನು ಹೇಳಲಾರೆ. ಮೊದಲೇ ಗೊತ್ತಿರುವ ಬೆಲೆ ಎಂಬುದು ಸಣ್ಣ ಮಾತಲ್ಲ, ಮೊದಲಿಗೆ ಫ್ರೈಸ್ ಆಮದು ಮಾಡಿಕೊಳ್ಳುತ್ತಿದ್ದ ದೇಶ ಇಂದು ರಫ್ತು ಮಾಡುತ್ತಿದೆ. ಆದರೆ ಏನು ಬೆಳೆಯಬೇಕೆಂಬ ತೀರ್ಮಾನ ಹೊಲದಿಂದ ಕಾರ್ಖಾನೆಗೆ ಹೋಯಿತು ಎಂಬುದನ್ನು ಮರೆಯುವಂತಿಲ್ಲ.

ತೀರ್ಮಾನಗಳು ಹೀಗೆ ದೂರ ಸರಿದಾಗ ತಿನ್ನುವವರಿಗೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ರೈಸ್ ಪ್ರಕರಣವನ್ನು ನೆನೆಯಬೇಕು. 1990ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಅಲ್ಲಿ ದನದ ಕೊಬ್ಬನ್ನು ಬಿಟ್ಟು ಸಸ್ಯಜನ್ಯ ಎಣ್ಣೆಯಲ್ಲಿ ಕರಿಯುವುದಾಗಿ ಪ್ರಕಟಿಸಿದ ಮೇಲೆ, ಅಲ್ಲಿ ನೆಲೆಸಿದ್ದ ಅನೇಕ ಸಸ್ಯಾಹಾರಿ ಭಾರತೀಯರು ನಂಬಿಕೆಯಿಂದ ಅದನ್ನು ತಿನ್ನುತ್ತಿದ್ದರು. ಅಂಗಡಿಗೆ ಬರುವ ಮುಂಚೆ, ಕಾರ್ಖಾನೆಯಲ್ಲೇ, ಆ ಆಲೂಗಡ್ಡೆಗೆ ದನದ ಮಾಂಸದ ಸಾರದಿಂದ ತೆಗೆದ ಸ್ವಾದವನ್ನು ಸೇರಿಸಲಾಗುತ್ತಿತ್ತು ಎಂಬುದು 2001ರಲ್ಲಿ ದಾವೆಯಾಗಿ ಬೆಳಕಿಗೆ ಬಂತು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, ಸಸ್ಯಾಹಾರಿ ಮತ್ತು ಧಾರ್ಮಿಕ ಸಂಘಟನೆಗಳಿಗೆ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದ ಮಳಿಗೆಗಳಲ್ಲಿ ಅಂಥದ್ದು ಇರಲಿಲ್ಲವೆಂದು ಕಂಪನಿ ಆಗಲೇ ಸ್ಪಷ್ಟಪಡಿಸಿತ್ತು. ಊರಿನ ಹೋಟೆಲಿನಲ್ಲಿ ಅನುಮಾನ ಬಂದರೆ ಒಳಗೆ ಇಣುಕಿ ಭಟ್ಟರನ್ನೇ ಕೇಳಬಹುದು. ಇಲ್ಲಿ ಕೌಂಟರಿನ ಹುಡುಗನಿಗೂ ಉತ್ತರ ಗೊತ್ತಿರುವುದಿಲ್ಲ.

ಕೋಳಿಯ ವಿಷಯ ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು. ಅಮೆರಿಕದಲ್ಲಿ 1983ರಲ್ಲಿ ಚಿಕನ್ ಮ್ಯಾಕ್‌ನಗೆಟ್ಸ್ ಎಲ್ಲ ಕಡೆ ಮಾರಾಟಕ್ಕೆ ಬಂದ ಮೇಲೆ, ಇಡೀ ಕೋಳಿಯನ್ನು ಕೊಂಡು ಮನೆಯಲ್ಲಿ ಬೇಯಿಸುತ್ತಿದ್ದ ಸಮಾಜ ಕ್ರಮೇಣ ಕತ್ತರಿಸಿದ, ಸಂಸ್ಕರಿಸಿದ ಕೋಳಿಯ ಕಡೆಗೆ ಹೊರಳಿತು. ಸಾಕಣೆಯೂ ಕೆಲವೇ ದೊಡ್ಡ ಕಂಪನಿಗಳ ಕೈಗೆ ಹೋಯಿತು: ಮರಿ ಕಂಪನಿಯದು, ಮೇವು ಕಂಪನಿಯದು, ಶೆಡ್ಡು ಮತ್ತು ಅದರ ಸಾಲ ರೈತನದು. ನಮ್ಮಲ್ಲೂ ಒಪ್ಪಂದದ ಕೋಳಿ ಸಾಕಣೆ ಇದೇ ಕ್ರಮದಲ್ಲಿ ನಡೆಯುತ್ತದೆ, ರೈತನಿಗೆ ಸಿಗುವುದು ಕಿಲೋ ಲೆಕ್ಕದ ಸಾಕಾಣಿಕೆ ಕೂಲಿ. ಭಾರತದ ಮೊದಲ ಕೆಎಫ್‌ಸಿ 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಅದನ್ನು ವಿರೋಧಿಸಿತು. ನಗರಪಾಲಿಕೆ ಲೈಸೆನ್ಸ್ ರದ್ದುಪಡಿಸಿತು, ಹೈಕೋರ್ಟಿನ ಮಧ್ಯಪ್ರವೇಶದಿಂದ ಮಳಿಗೆ ಉಳಿಯಿತು, 1996ರ ಜನವರಿ 30ರಂದು ರೈತ ಸಂಘದ ಕಾರ್ಯಕರ್ತರು ಮಳಿಗೆಗೆ ನುಗ್ಗಿ ಧ್ವಂಸ ಮಾಡಿದರು. ಆ ಧ್ವಂಸವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಂದು ರೈತ ಸಂಘ ಎತ್ತಿದ ವಾದ ರುಚಿಯ ಬಗ್ಗೆ ಆಗಿರಲಿಲ್ಲ. ಮನುಷ್ಯರು ತಿನ್ನುವ ಧಾನ್ಯದ ನೆಲ ಕೋಳಿ ಮೇವಿಗೆ ಹೋಗುತ್ತದೆ ಎಂಬುದಾಗಿತ್ತು. ನೀವು ದಾವಣಗೆರೆಯವರು. ಜೋಳ, ರಾಗಿ ಬೆಳೆಯುತ್ತಿದ್ದ ನಿಮ್ಮ ಮತ್ತು ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಮೆಕ್ಕೆಜೋಳ ಎಷ್ಟು ಹಬ್ಬಿದೆಯೆಂದು, ಅದರ ಬಹುಪಾಲು ಕೋಳಿ ಮೇವಿಗೆ, ಪಿಷ್ಟದ ಕಾರ್ಖಾನೆಗಳಿಗೆ ಹೋಗುತ್ತದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇದಕ್ಕೆ ವಿದೇಶಿ ಸರಣಿಗಳೇ ಕಾರಣವೆಂದರೆ ಅನ್ಯಾಯವಾದೀತು. ನಮ್ಮ ಮನೆಗಳ, ನಮ್ಮ ಬಿರಿಯಾನಿ ಹೋಟೆಲುಗಳ ಕೋಳಿಯ ಬೇಡಿಕೆಯೇ ಅದರಲ್ಲಿ ದೊಡ್ಡದು. ಆದರೂ ನಂಜುಂಡಸ್ವಾಮಿಯವರು ಬೊಟ್ಟು ಮಾಡಿದ ದಿಕ್ಕು ಸರಿಯಾಗಿತ್ತು ಎಂದೇ ನನ್ನ ತಿಳಿವಳಿಕೆ.

ಅವಸರದ ಊಟ ನಮಗೆ ಹೊರಗಿನಿಂದ ಬಂದದ್ದೇ ಎಂದು ಕೇಳಿದರೆ, ಅಲ್ಲ. ಮ್ಯಾಕ್‌ಡೊನಾಲ್ಡ್ಸ್ ಭಾರತಕ್ಕೆ ಕಾಲಿಡುವುದಕ್ಕೆ ವರ್ಷಗಳ ಮುಂಚೆ, 1980ರ ದಶಕದಲ್ಲೇ, ಬೆಂಗಳೂರಿನ ಜಯನಗರದಲ್ಲಿ ದರ್ಶಿನಿ ಹುಟ್ಟಿ ಊರೆಲ್ಲ ಹಬ್ಬಿತ್ತು. ಮೊದಲು ಹಣ ಕೊಟ್ಟು ಟೋಕನ್ ಪಡೆಯುವುದು, ಕಣ್ಣೆದುರೇ ದೋಸೆ ಹುಯ್ಯುವುದು, ನಿಂತೇ ತಿನ್ನುವುದು, ಹತ್ತು ನಿಮಿಷದಲ್ಲಿ ಹೊರಬರುವುದು, ಇವೆಲ್ಲ ಅಲ್ಲಿದ್ದವು. ಬೆಲೆ ಕಡಿಮೆಯಿತ್ತು, ಸಪ್ಲೈಯರ್ ಇರಲಿಲ್ಲ, ಜಾತಿ ಅಂತಸ್ತುಗಳನ್ನು ನೋಡದೆ ಎಲ್ಲರೂ ಒಂದೇ ಕಟ್ಟೆಗೆ ಒರಗಿ ತಿನ್ನುತ್ತಿದ್ದರು. ವ್ಯತ್ಯಾಸ ಇರುವುದು ಒಡೆತನದಲ್ಲಿ ಮತ್ತು ಕೈಗುಣದಲ್ಲಿ. ಒಂದು ದರ್ಶಿನಿಯ ಚಟ್ನಿಗೂ ಪಕ್ಕದ ಬೀದಿಯ ದರ್ಶಿನಿಯ ಚಟ್ನಿಗೂ ಸಂಬಂಧವಿರಲಿಲ್ಲ, ಮಾಲೀಕ ಅಲ್ಲೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುತ್ತಿದ್ದ, ಯಾರಿಗೂ ರಾಯಧನ ಕೊಡಬೇಕಾಗಿರಲಿಲ್ಲ. ಈಗ ನಮ್ಮವರೇ ಕಟ್ಟುತ್ತಿರುವ ಹೊಸ ಸರಣಿಗಳಲ್ಲಿ ಹಿಟ್ಟು, ಚಟ್ನಿ, ಸಾಂಬಾರು ಕೇಂದ್ರ ಅಡುಗೆಮನೆಯಿಂದ ಬರತೊಡಗಿವೆ. ತಟ್ಟೆಯಲ್ಲಿರುವುದು ಬೆಣ್ಣೆದೋಸೆಯೇ ಆದರೂ ಒಳಗಿನ ಪದ್ಧತಿ ಸ್ಯಾನ್ ಬರ್ನಾರ್ಡಿನೊದ್ದು. ಸಂಸ್ಕೃತಿಯ ಮೇಲೆ ಬಿದ್ದಿರುವ ಪ್ರಭಾವವನ್ನು ಅಳೆಯಬೇಕಾದರೆ ಬರ್ಗರ್ ಮಳಿಗೆಗಳನ್ನು ಎಣಿಸುವುದಕ್ಕಿಂತ ಇದನ್ನು ಗಮನಿಸಬೇಕು.

ಕೆಲಸಗಾರರ ಸ್ಥಿತಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸಣ್ಣ ಊರಿನಿಂದ ಬಂದ ನಮ್ಮ ಯುವಕ ಯುವತಿಯರಿಗೆ ಸಮವಸ್ತ್ರ, ಬ್ಯಾಂಕಿನ ಮೂಲಕ ಸಂಬಳ, ಭವಿಷ್ಯನಿಧಿ ಇರುವ ಈ ಕೆಲಸ ಸಾಮಾನ್ಯ ಹೋಟೆಲಿನ ಕ್ಲೀನರ್ ಕೆಲಸಕ್ಕಿಂತ ಮರ್ಯಾದೆಯದಾಗಿ ಕಾಣುವುದು ಸಹಜ. ಅಮೆರಿಕದಲ್ಲಿ ಅದೇ ಕೆಲಸ ಕಡಿಮೆ ಕೂಲಿಯ ಮಾದರಿಯಾಗಿ, 2012ರಲ್ಲಿ ನ್ಯೂಯಾರ್ಕಿನಲ್ಲಿ ಗಂಟೆಗೆ 15 ಡಾಲರ್ ಕೂಲಿಗಾಗಿ ಮುಷ್ಕರ ಶುರುವಾಯಿತು. 2024ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾ ರಾಜ್ಯವು ದೇಶದಲ್ಲಿ ಕನಿಷ್ಠ 60 ಮಳಿಗೆಗಳಿರುವ ಸರಣಿಗಳಿಗೆ ಗಂಟೆಗೆ 20 ಡಾಲರ್ ಕನಿಷ್ಠ ಕೂಲಿಯನ್ನು ವಿಧಿಸಿದೆ.

ತಡೆಯಲು ಸಾಧ್ಯವಾಗಿದೆಯೇ ಎಂದು ಕೇಳಿದ್ದೀರಿ. ಬರ್ಮುಡಾ ದ್ವೀಪ 1990ರ ದಶಕದಲ್ಲಿ ಕಾನೂನನ್ನೇ ಮಾಡಿ ವಿದೇಶಿ ಸರಣಿ ಹೋಟೆಲುಗಳನ್ನು ಹೊರಗಿಟ್ಟಿತು. ಬೊಲಿವಿಯಾದಿಂದ 2002ರಲ್ಲಿ, ಐಸ್‌ಲ್ಯಾಂಡಿನಿಂದ 2009ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಹೊರನಡೆಯಿತು. ಪಿಜ್ಜಾದ ತವರಾದ ಇಟಲಿಯಲ್ಲಿ 2015ರಲ್ಲಿ ಅಂಗಡಿ ತೆರೆದ ಡಾಮಿನೋಸ್ 2022ರಲ್ಲಿ ಮುಚ್ಚಿಕೊಂಡು ಹೋಯಿತು. ಫಿಲಿಪೀನ್ಸಿನ ಜಾಲಿಬೀ ಕಂಪನಿಯದು ಬೇರೆಯೇ ದಾರಿ. 1981ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಬಂದಾಗ ಹೆದರದೆ, ಅದೇ ಪದ್ಧತಿಯಲ್ಲಿ ತನ್ನ ಜನರ ಸಿಹಿ ಸ್ಪಗೆಟಿ, ಅನ್ನ, ಕರಿದ ಕೋಳಿಯನ್ನು ಮಾರಿ, ಇಂದಿಗೂ ಆ ದೇಶದಲ್ಲಿ ಮುಂದಿದೆ; ದುಡಿಯಲು ಕೊಲ್ಲಿ ದೇಶಗಳಿಗೆ, ಅಮೆರಿಕಕ್ಕೆ ಹೋದ ಫಿಲಿಪಿನೊ ಜನರ ಬೆನ್ನಿಗೆ ಅದೂ ಹೋಗಿದೆ.

ಪ್ರತಿಭಟನೆಗಳಲ್ಲಿ ನನಗೆ ಹೆಚ್ಚು ಫಲ ಕೊಟ್ಟಂತೆ ಕಾಣುವುದು ರೋಮ್ ನಗರದ್ದು. 1986ರಲ್ಲಿ ಅಲ್ಲಿನ ಪಿಯಾಜ್ಜಾ ದಿ ಸ್ಪಾನ್ಯಾದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಬಂದಾಗ ವಿರೋಧಿಸಿದವರಲ್ಲಿ ಬ್ರಾ ಪಟ್ಟಣದ ಕಾರ್ಲೊ ಪೆಟ್ರೀನಿ ಪ್ರಮುಖರು. ಆ ಚಳವಳಿ 1989ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಲೋ ಫುಡ್ ಎಂಬ ಅಂತರರಾಷ್ಟ್ರೀಯ ಸಂಘಟನೆಯಾಯಿತು. ಅವರು ಮಳಿಗೆಯನ್ನು ಮುಚ್ಚಿಸಲಿಲ್ಲ. ಅಳಿವಿನಂಚಿನ ತಳಿಗಳನ್ನು, ಗಿಣ್ಣುಗಳನ್ನು (ಚೀಸ್), ಸಣ್ಣ ಉತ್ಪಾದಕರನ್ನು ಹುಡುಕಿ, ಅವರಿಗೆ ಕೊಳ್ಳುವವರನ್ನು ಒದಗಿಸಿದರು. ಫ್ರಾನ್ಸಿನ ಮಿಯೋ ಊರಿನಲ್ಲಿ 1999ರಲ್ಲಿ ಜೋಸೆ ಬೋವೆ ಮತ್ತು ಸಂಗಡಿಗರು ಕಟ್ಟುತ್ತಿದ್ದ ಮ್ಯಾಕ್‌ಡೊನಾಲ್ಡ್ಸ್ ಕಟ್ಟಡವನ್ನು ಕಳಚಿಹಾಕಿ ಜಗತ್ಪ್ರಸಿದ್ಧರಾದರು. ಅದಕ್ಕೆ ಕಾರಣ ಯುರೋಪು ಹಾರ್ಮೋನು ಕೊಟ್ಟ ಗೋಮಾಂಸವನ್ನು ನಿರಾಕರಿಸಿದ್ದಕ್ಕೆ ಪ್ರತೀಕಾರವಾಗಿ ಅಮೆರಿಕ ಅವರ ರೋಕ್‌ಫೋರ್ ಗಿಣ್ಣಿನ ಮೇಲೆ ಭಾರೀ ಸುಂಕ ಹೇರಿದ್ದು. ಆದರೂ ಫ್ರಾನ್ಸ್ ಇಂದಿಗೂ ಆ ಕಂಪನಿಗೆ ಅತ್ಯಂತ ಲಾಭದ ದೇಶಗಳಲ್ಲಿ ಒಂದು.

ಆರೋಗ್ಯದ ವಿಷಯದಲ್ಲಿ ನಿಜವಾದ ಕೆಲಸ ಮಾಡುವುದು ಕಾನೂನು. 1955ರಲ್ಲಿ ಕ್ರಾಕ್‌ನ ಮಳಿಗೆಯಲ್ಲಿ ಕೋಲಾ ಮಾರುತ್ತಿದ್ದದ್ದು ಸುಮಾರು 200 ಮಿಲಿಲೀಟರಿನ ಲೋಟದಲ್ಲಿ. ಮುಂದೆ ಅಮೆರಿಕದಲ್ಲಿ ಅದೇ ಕಂಪನಿ ಸುಮಾರು 1.2 ಲೀಟರಿನ ಲೋಟವನ್ನೂ ಮಾರಿ, 2004ರಲ್ಲಿ ಕೈಬಿಟ್ಟಿತು. ಒಂದು ಬರ್ಗರಿನಿಂದ ಯಾರೂ ಕೆಡುವುದಿಲ್ಲ. ಹಿಗ್ಗುತ್ತ ಹೋದ ಈ ಅಳತೆ, ಜೊತೆಗೆ ಬರುವ ಸಿಹಿನೀರು, ವಾರಕ್ಕೆ ಎಷ್ಟು ಸಲ ಎಂಬ ಲೆಕ್ಕ, ಇವು ಕೆಡಿಸುತ್ತವೆ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಆಹಾರಗಳ ಮೇಲೆ ಕಪ್ಪು ಎಂಟುಮೂಲೆಯ ಎಚ್ಚರಿಕೆ ಗುರುತನ್ನು ಕಡ್ಡಾಯ ಮಾಡಿತು, ಅಂಥ ಆಹಾರದೊಂದಿಗೆ ಮಕ್ಕಳಿಗೆ ಆಟಿಕೆ ಕೊಡುವುದನ್ನು ನಿಷೇಧಿಸಿತು. ನಮ್ಮಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಹತ್ತು ಅಥವಾ ಹೆಚ್ಚು ಕಡೆ ಮಳಿಗೆಗಳಿರುವ ಸರಣಿಗಳು ಮೆನುವಿನಲ್ಲಿ ಪ್ರತಿ ತಿನಿಸಿನ ಕ್ಯಾಲರಿಯನ್ನು ನಮೂದಿಸಬೇಕು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ಆಹಾರವನ್ನು ಶಾಲಾಮಕ್ಕಳಿಗೆ ಮಾರುವಂತಿಲ್ಲ, ಅದರ ಜಾಹೀರಾತನ್ನೂ ಹಾಕುವಂತಿಲ್ಲ. ನಿಮ್ಮ ಊರಿನ ಶಾಲೆಗಳ ಸುತ್ತ ಈ ಎರಡನೆಯ ನಿಯಮ ಪಾಲನೆಯಾಗುತ್ತಿದೆಯೇ ಎಂಬುದನ್ನು ಪೋಷಕರ ಸಭೆಯಲ್ಲಿ ಕೇಳಿ, ಪಾಲನೆಯಾಗದಿದ್ದರೆ ಆಹಾರ ಸುರಕ್ಷತೆಯ ಹೊಣೆ ಹೊತ್ತ ಜಿಲ್ಲಾ ಅಂಕಿತ ಅಧಿಕಾರಿಗಳಿಗೆ ಲಿಖಿತ ದೂರು ಕೊಡಿ. ಹುಟ್ಟುಹಬ್ಬದ ವಿಷಯದಲ್ಲಿ, ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವುದನ್ನು ತಡೆದು ಮಕ್ಕಳೊಂದಿಗೆ ಜಗಳವಾಡಬೇಡಿ. ಮೆನುವಿನ ಕ್ಯಾಲರಿ ಅಂಕಿಗಳನ್ನು ಅವರಿಂದಲೇ ಓದಿಸಿ, ಕೋಲಾದ ಬದಲು ನೀರು ತರಿಸಿ.